ರಿಲೀಸ್ ವಾರದಲ್ಲೂ ಎಂಟಕ್ಕೆ ಲ್ಯಾಪ್‌ಟಾಪ್ ಮುಚ್ಚಿದ್ದು

ರಿಲೀಸ್ ವಾರದಲ್ಲೂ, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬಿಡುವ ವಾರದಲ್ಲೂ, ರಾತ್ರಿ ಎಂಟಕ್ಕೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ ಅಂದಾಗ ಟೀಮಿನಲ್ಲಿ ನಕ್ಕವರೇ ಹೆಚ್ಚು. ‘ಮೊದಲನೇ ಪ್ರೊಡಕ್ಷನ್ ಇಶ್ಯೂ ಬರೋ ತನಕ ಅಷ್ಟೇ ನಿಮ್ಮ ಎಂಟು ಗಂಟೆ’ ಅಂದರು ಪಕ್ಕದ ಸೀಟಿನ ಸೀನಿಯರ್. ಪ್ರೊಡಕ್ಷನ್ ಅಂದರೆ ಗ್ರಾಹಕರು ಬಳಸುತ್ತಿರುವ ಅಸಲಿ ಸಿಸ್ಟಮ್. ಮ್ಯಾನೇಜರ್ ನಗಲೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಈಗ ಹೀಗೆ ನಾಲ್ಕು ರಿಲೀಸ್ ಮುಗಿಸಿದ್ದೇನೆ. ಕೊನೆಯದರಲ್ಲಿ ಎಂಟರ ನಂತರ ಕೂತದ್ದು ಮೂರೇ ದಿನ, ರೋಲ್‌ಬ್ಯಾಕ್ (ಹೊಸದನ್ನು ತೆಗೆದು ಹಳೆಯ ಆವೃತ್ತಿಗೆ ಮರಳುವುದು) ಒಂದೂ ಇಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲು ಮಣ್ಣು ಮುಕ್ಕಿದ ಕಥೆ. ಮೊದಲ ಐದಾರು ವರ್ಷ ನನಗೆ ಗೊತ್ತಿದ್ದದ್ದು ಒಂದೇ ಉಪಾಯ: ಕೆಲಸ ಹೆಚ್ಚಾದರೆ ಗಂಟೆ ಹೆಚ್ಚಿಸು. ದಿನಕ್ಕೆ ಹದಿನಾಲ್ಕು, ಕೆಲವೊಮ್ಮೆ ಹದಿನಾರು. ಒಂದು ರಾತ್ರಿ ಎರಡರ ಸುಮಾರಿಗೆ, ಎದ್ದು ಹತ್ತೊಂಬತ್ತು ಗಂಟೆ ಆಗಿದ್ದಾಗ, ಸ್ಟೇಜಿಂಗ್ (ಪರೀಕ್ಷೆಯ ಸಿಸ್ಟಮ್) ಎಂದುಕೊಂಡು ಪ್ರೊಡಕ್ಷನ್ ಟರ್ಮಿನಲ್‌ನಲ್ಲಿ, ಡೇಟಾಬೇಸಿನ ರಚನೆ ಬದಲಿಸುವ ಮೈಗ್ರೇಶನ್ ಓಡಿಸಿದೆ. ಒಂದು ಕಾಲಂ ಹೋಯಿತು. ಬ್ಯಾಕಪ್‌ನಿಂದ ತರಲು ಮೂವರಿಗೆ ಒಂದೂವರೆ ದಿನ ಹಿಡಿಯಿತು. ಹದಿನೇಳು ಗಂಟೆ ನಿದ್ದೆಯಿಲ್ಲದವನ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲೇ ತೋರಿಸಿದ್ದರು. ನಾನು ಓದಿದ್ದು ಕಾಲಂ ಹೋದ ಮೇಲೆ. ಕುಡಿದು ಕಾರು ಓಡಿಸಬಾರದು ಅಂತ ಗೊತ್ತಿತ್ತು, ಡೇಟಾಬೇಸ್ ಓಡಿಸಬಹುದು ಅಂದುಕೊಂಡಿದ್ದೆ.

ಆಮೇಲೆ ದುಡ್ಡು ಸುರಿಯುವ ಹಂತ. ಧ್ಯಾನದ ಆ್ಯಪ್‌ಗೆ ವರ್ಷದ ಚಂದಾ (ಹನ್ನೊಂದು ದಿನ ತೆರೆದಿದ್ದೆ), ಟೂಡೂ ಆ್ಯಪ್ ಎರಡು, ಮೇಲೆ ಕೆಳಗೆ ಆಗುವ ಮೇಜು, ಹೆಡ್‌ಫೋನ್, ಸ್ಮಾರ್ಟ್ ವಾಚ್. ಒಟ್ಟು ಲೆಕ್ಕ ಹಾಕಿದರೆ ಒಂದು ತಿಂಗಳ ಸಂಬಳದ ಮುಕ್ಕಾಲು ಭಾಗ. ಇದರಲ್ಲಿ ಹಾಕಿದ ದುಡ್ಡಿಗೆ ಮೋಸ ಮಾಡದ್ದು ಹೆಡ್‌ಫೋನ್ ಒಂದೇ. ವಾಚು ದಿನಾ ನನ್ನ ‘ಸ್ಟ್ರೆಸ್ ಸ್ಕೋರ್’ ತೋರಿಸುತ್ತಿತ್ತು, ಅದನ್ನು ನೋಡಿದರೇ ಟೆನ್ಶನ್. ಅರ್ಧ ಬೆಲೆಗೆ ಮಾರಿದೆ. 25 ನಿಮಿಷ ಕೆಲಸ, ಆಮೇಲೆ ಚಿಕ್ಕ ಬಿಡುವು ಅನ್ನುವ ಪೊಮೊಡೊರೊ ವಿಧಾನವನ್ನೂ ಬಿಟ್ಟೆ. ಡಾಕ್ಯುಮೆಂಟ್ ಬರೆಯಲು ಅದು ಸರಿ, ಡಿಬಗ್ ಮಾಡುವಾಗ (ಕೋಡಿನ ತಪ್ಪು ಹುಡುಕುವಾಗ) ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಕೊನೆಗೆ ಹಿಡಿದದ್ದು ಗಂಟೆಯನ್ನಲ್ಲ, ಕೈಯಲ್ಲಿರುವ ಕೆಲಸದ ಎಣಿಕೆಯನ್ನು. ಒಂದು ಹೊತ್ತಿಗೆ ಎರಡೇ. ಕಾನ್‌ಬಾನ್ ಬೋರ್ಡ್ (ಬಾಕಿ, ನಡೆಯುತ್ತಿರುವ, ಮುಗಿದ ಕೆಲಸಗಳನ್ನು ಬೇರೆ ಬೇರೆ ಸಾಲಿನಲ್ಲಿ ತೋರಿಸುವ ಹಲಗೆ) ಬಳಸಿದವರಿಗೆಲ್ಲ ಈ ಮಿತಿ ಗೊತ್ತು, ಪಾಲಿಸಿದವರನ್ನು ನಾನು ಕಂಡದ್ದು ಕಡಿಮೆ. ನಾನೂ ಎರಡು ಸಲ ಸೋತೆ. ಮೊದಲ ಸಲ ಮಿತಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ, ಮೂರನೇ ದಿನಕ್ಕೆ ಕೈಯಲ್ಲಿ ಏಳು ಕೆಲಸ. ಎರಡನೇ ಸಲ ಪಟ್ಟಿಯನ್ನು ಟೀಮಿನ ಚಾಟ್ ಚಾನೆಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿದೆ. ಟಿಕೆಟ್‌ಗಳೇನೋ (ಬರೆದು ದಾಖಲಿಸಿದ ಕೆಲಸಗಳು) ಎರಡೇ ಇದ್ದವು, ಆದರೆ ‘ಐದೇ ನಿಮಿಷ, ಇದೊಂದು ನೋಡ್ತೀರಾ?’ ಎಂಬ ನೇರ ಮೆಸೇಜ್‌ಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ವಾರ ಗೀಟು ಹಾಕಿ ಎಣಿಸಿದೆ. ಮೂವತ್ತರ ಮೇಲಿತ್ತು. ಐದು ನಿಮಿಷದಲ್ಲಿ ಮುಗಿದದ್ದು ನಾಲ್ಕೋ ಐದೋ.

ಮೂರನೇ ಸಲ ಕೋಡ್ ರಿವ್ಯೂ, ‘ಐದೇ ನಿಮಿಷ’, ಮೀಟಿಂಗ್‌ಗೆ ಸ್ಲೈಡ್ ಮಾಡುವುದು ಎಲ್ಲವೂ ಎಣಿಕೆಗೆ ಸೇರಿದವು. ಹೊಸದು ತಂದವರೇ ಇರುವ ಎರಡರಲ್ಲಿ ಯಾವುದನ್ನು ಕೆಳಗಿಡಬೇಕು ಅಂತ ಹೇಳಬೇಕು. ಅರ್ಧಕ್ಕರ್ಧ ಜನ ಅಲ್ಲೇ ‘ಬಿಡಿ, ನಾಳೆ ನೋಡೋಣ’ ಅಂದುಬಿಡುತ್ತಾರೆ.

ಮ್ಯಾನೇಜರ್‌ರನ್ನು ಒಪ್ಪಿಸಿದ್ದು ನನ್ನ ಕಷ್ಟ ಹೇಳಿಕೊಂಡಲ್ಲ, ಕ್ಯೂ ಲೆಕ್ಕ ತೋರಿಸಿ. ಒಂದೇ ಸರ್ವರ್, ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ಒಂದೊಂದಕ್ಕೆ ಹಿಡಿಯುವ ಹೊತ್ತೂ ಏರುಪೇರು ಅಂದುಕೊಳ್ಳಿ. ಸರ್ವರ್ ಶೇ. 80 ಬಿಜಿ ಇದ್ದರೆ, ಒಂದು ಕೆಲಸ ಮಾಡಲು ಹಿಡಿಯುವ ಸಮಯದ ಸರಾಸರಿ 4 ಪಟ್ಟು ಹೊತ್ತು ಅದು ಸಾಲಿನಲ್ಲೇ ಕಾಯುತ್ತದೆ. ಶೇ. 90 ಆದರೆ 9 ಪಟ್ಟು, 95 ಆದರೆ 19 ಪಟ್ಟು. ‘ಸರ್ವರ್‌ಗಳನ್ನು ಶೇ. 70ರ ಮೇಲೆ ಓಡಿಸಲು ನೀವೇ ಬಿಡಲ್ಲ ಸರ್, ನಮ್ಮನ್ನು ಮಾತ್ರ ಯಾಕೆ?’ ಅಂದೆ. ‘ಒಂದು ರಿಲೀಸ್ ನೋಡೋಣ’ ಅಂದರು. ನನಗೆ ಬೇಕಿದ್ದದ್ದೂ ಅಷ್ಟೇ.

ಹಗಲು ಹೀಗೆ ಸುಧಾರಿಸಿತು, ರಾತ್ರಿ ಉಳಿಯಿತು. ಆನ್‌ಕಾಲ್ ಫೋನ್ (ಸಿಸ್ಟಮ್ ಕೆಟ್ಟರೆ ಪಾಳಿಯಲ್ಲಿರುವವರನ್ನು ಎಬ್ಬಿಸುವುದು) ರಾತ್ರಿಗೆ ಸುಮಾರು ನಲವತ್ತು ಅಲರ್ಟ್ ಕೊಡುತ್ತಿತ್ತು. ಎರಡು ವಾರದ ಲಾಗ್ ತೆಗೆದು ಕೂತು ನೋಡಿದರೆ ಅರ್ಧಕ್ಕಿಂತ ಹೆಚ್ಚು ಒಂದೇ ಜಾತಿಯವು: ಡಿಸ್ಕ್ ಶೇ. 80 ತುಂಬಿತು ಎಂಬ ಕೂಗು. ಲಾಗ್ ರೊಟೇಟ್ ಆದ ಕೂಡಲೇ, ಅಂದರೆ ಹಳೆಯ ಲಾಗ್ ಫೈಲ್‌ಗಳು ಅಳಿದ ಕೂಡಲೇ, ತಾನೇ ಸುಮ್ಮನಾಗುತ್ತಿತ್ತು. ಮಿತಿಯನ್ನು 90ಕ್ಕೆ ಏರಿಸಿದೆ. ಕೂಗು ಕಡಿಮೆಯಾಯಿತು, ಆದರೆ ಒಂದು ಸಲ ನಿಜವಾಗಿ ತುಂಬುತ್ತಿದ್ದ ಡಿಸ್ಕ್ ಇಪ್ಪತ್ತೇ ನಿಮಿಷ ಮೊದಲು ಹೇಳಿತು. ಬೈಸಿಕೊಂಡೆ. ಆಮೇಲೆ ಸರ್ವರ್‌ಗಳ ಮೇಲೆ ಕಣ್ಣಿಡುವ ಪ್ರೊಮೀಥಿಯಸ್ ಸಾಫ್ಟ್‌ವೇರಿನ ಪ್ರೆಡಿಕ್ಟ್ ಲೀನಿಯರ್ ಫಂಕ್ಷನ್‌ಗೆ ಬದಲಾಯಿಸಿದೆ: ಎಷ್ಟು ತುಂಬಿದೆ ಅನ್ನುವುದು ಬೇಡ, ಇದೇ ವೇಗದಲ್ಲಿ ಹೋದರೆ ನಾಲ್ಕು ಗಂಟೆಯೊಳಗೆ ಖಾಲಿ ಜಾಗ ಸೊನ್ನೆಗೆ ಇಳಿಯುತ್ತದಾ ಅಂತ ಕೇಳು. ಅಲ್ಲೂ ಎಡವಿದೆ. ಹಿಂದಿನ ಒಂದೇ ಗಂಟೆಯ ಅಂಕಿ ಕೊಟ್ಟಿದ್ದರಿಂದ ಬ್ಯಾಕಪ್ ಶುರುವಾದ ಕೂಡಲೇ ಪ್ರಳಯ ಬಂದಂತೆ ಅರಚುತ್ತಿತ್ತು. ಆರು ಗಂಟೆಯ ಅಂಕಿ ಕೊಟ್ಟು, ಅರ್ಧ ಗಂಟೆ ಹಾಗೇ ಮುಂದುವರಿದರೆ ಮಾತ್ರ ಎಬ್ಬಿಸು ಅಂದ ಮೇಲೆ ಸರಿಹೋಯಿತು. ಉಳಿದ ಅಲರ್ಟ್‌ಗಳಲ್ಲಿ ಬೆಳಗ್ಗೆ ನೋಡಿದರೂ ನಡೆಯುವಂಥವನ್ನೆಲ್ಲ ಟಿಕೆಟ್ ಮಾಡಿದೆ. ನಲವತ್ತು ಇದ್ದದ್ದು ಐದಾರಕ್ಕೆ ಇಳಿಯಿತು. ಇದಕ್ಕೆ ಹಿಡಿದದ್ದು ಎರಡು ಶನಿವಾರ, ಆ ಮುಕ್ಕಾಲು ಸಂಬಳಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಇದೇ.

ಮಧ್ಯೆ ಒಂದು ಹುಚ್ಚು. ಆರು ವಾರ ದಿನಾ ಸಂಜೆ ‘ಎಷ್ಟು ಸುಸ್ತು’ ಅಂತ ಒಂದರಿಂದ ಐದರೊಳಗೆ ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟೆ. ಹೆಚ್ಚು ಗಂಟೆ ಕೂತ ದಿನವೇ ಹೆಚ್ಚು ಸುಸ್ತು ಅಂದುಕೊಂಡಿದ್ದೆ. ಅಲ್ಲ, ಹೆಚ್ಚು ಸಲ ಕೆಲಸ ಬದಲಿಸಿದ ದಿನ. ಒಬ್ಬನ ಆರು ವಾರದಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಕಾಫಿಯನ್ನೂ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿ ನೋಡಿದೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಮೊದಲ ನಾಲ್ಕು ದಿನ ತಲೆನೋವು. ಆಮೇಲೆ ಪರವಾಗಿಲ್ಲ.

ಎಂಟಕ್ಕೆ ಕಾಲು ಗಂಟೆ ಮೊದಲು ನಾಲ್ಕು ಸಾಲು ಬರೆಯುತ್ತೇನೆ: ಎಲ್ಲಿ ನಿಲ್ಲಿಸಿದೆ, ಯಾವುದರ ಮೇಲೆ ಅನುಮಾನ, ಬೆಳಗ್ಗೆ ಟೈಪ್ ಮಾಡಬೇಕಾದ ಮೊದಲ ಕಮಾಂಡ್ ಯಾವುದು. ಕಮಾಂಡ್ ಅಂದರೆ ಅಕ್ಷರಶಃ ಕಮಾಂಡ್, ‘ಕ್ಯಾಶ್ ಮೆಮೊರಿ ನೋಡಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ. ನಾಲ್ಕನೇ ಸಾಲು ಏನು ಅಂತ ಹೇಳುವುದಿಲ್ಲ. ನಮ್ಮ ಪ್ರಾಡಕ್ಟ್ ಟೀಮಿನವರೂ ಇದನ್ನು ಓದುತ್ತಾರೆ, ಗೊತ್ತಾದರೆ ಅದು ಕೆಲಸ ಮಾಡುವುದು ನಿಲ್ಲುತ್ತದೆ. ಪಕ್ಕದ ಸೀಟಿನ ಸೀನಿಯರ್ ಹೋದ ತಿಂಗಳು ‘ಆ ಫಾರ್ಮ್ಯಾಟ್ ಕಳಿಸ್ರೀ’ ಅಂದರು. ಮೂರು ಸಾಲಿನದನ್ನು ಕಳಿಸಿದೆ.

ರಿಲೀಸ್ ಮುಗಿದ ಮರುವಾರಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ರಜೆ ಹಾಕಿದ ಸೋಮವಾರ ರಾತ್ರಿ ಮೂರರ ತನಕ ಕಣ್ಣು ಬಿಟ್ಟುಕೊಂಡು, ಬಾರದ ಅಲರ್ಟ್‌ಗಾಗಿ ಫೋನ್ ನೋಡುತ್ತಾ ಮಲಗಿದ್ದೆ.