ಪಾಲಿನೇಷ್ಯಾದ ಇಸವಿಗಳನ್ನು ನಂಬುವ ಮೊದಲು ಏನು ನೋಡಬೇಕು?

ಪೆಸಿಫಿಕ್ ಸಾಗರದಲ್ಲಿ ಹರಡಿರುವ ದ್ವೀಪಗಳ ನಾಡು ಪಾಲಿನೇಷ್ಯಾ ಬಗ್ಗೆ ಓದಲು ಶುರು ಮಾಡಿದಾಗ ಒಂದು ನೋಟ್‌ಬುಕ್ ಇಟ್ಟಿದ್ದೆ. ಎಡಗಡೆ ದ್ವೀಪದ ಹೆಸರು, ಬಲಗಡೆ ಅಲ್ಲಿಗೆ ಮೊದಲು ಜನ ಬಂದ ಇಸವಿ. ಹವಾಯಿಗೆ ಒಂದು ಕಡೆ ಕ್ರಿ.ಶ. 300 ಅಂತಿತ್ತು, ಇನ್ನೊಂದು ಕಡೆ 800, ಮತ್ತೊಂದು ಕಡೆ 1000. ಹೊಡೆದು ಹೊಡೆದು ಬರೆದು ಕೊನೆಗೆ ಕಾಗದವೇ ತೂತಾಯಿತು. ತಪ್ಪು ನನ್ನದೇ. ಯಾವ ವಸ್ತುವಿನಿಂದ ಆ ಇಸವಿ ಸಿಕ್ಕಿತು ಅಂತ ನಾನು ಬರೆದುಕೊಂಡೇ ಇರಲಿಲ್ಲ.

ನೀವು ಮೂರನೇ ಕಾಲಂ ಹಾಕಿ: ಪರೀಕ್ಷೆ ಮಾಡಿದ್ದು ಏನನ್ನು?

ಬರೀ 'ಇದ್ದಿಲು' ಅಂತಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇರಲಿ. ಹಳೆಯ ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ರೇಡಿಯೋಕಾರ್ಬನ್ ಪರೀಕ್ಷೆ ಹೇಳುವುದು ಒಲೆ ಹಚ್ಚಿದ ದಿನವನ್ನಲ್ಲ, ಆ ಮರ ಬೆಳೆದ ಕಾಲವನ್ನು. ಮುನ್ನೂರು ವರ್ಷದ ಮರದ ತಿರುಳು ಉರಿಸಿದರೆ ಒಲೆಗೂ ಸುಮ್ನೆ ಮುನ್ನೂರು ವರ್ಷ ಜಾಸ್ತಿ ವಯಸ್ಸಾಗುತ್ತದೆ. ಸಮುದ್ರದಲ್ಲಿ ತೇಲಿ ಬಂದ ದಿಮ್ಮಿಯದ್ದೂ ಇದೇ ಕತೆ. ತೆಂಗಿನ ಕರಟ, ಸಣ್ಣ ಕಡ್ಡಿ, ಕಾಯಿಯ ಚಿಪ್ಪು ಇದ್ದರೆ ನಂಬಬಹುದು. ಅವು ಹೆಚ್ಚು ವರ್ಷ ಬದುಕುವುದಿಲ್ಲ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ನ್ಯೂಜಿಲೆಂಡ್‌ನ ಬೀಜಗಳು. ಒಂದೊಂದರಲ್ಲೂ ಇಲಿ ಕಡಿದ ತೂತು, ಅಂಚಿನಲ್ಲಿ ಹಲ್ಲಿನ ಗೀರು. ಅಲ್ಲಿ ಮೊದಲು ಇಲಿಗಳೇ ಇರಲಿಲ್ಲ. ಅಷ್ಟು ದೂರ ಈಜಿ ಬರಲೂ ಆಗುವುದಿಲ್ಲ. ದೋಣಿಯಲ್ಲಿ ಜನರ ಜೊತೆಗೇ ಬಂದಿರಬೇಕು, ಅಲ್ವಾ? ಅಂಥ ಬೀಜಗಳಲ್ಲಿ ತೀರಾ ಹಳೆಯವು ಸುಮಾರು 1280ರವು.

ಹೀಗೆ ಜರಡಿ ಹಿಡಿದ ಮೇಲೆ ದ್ವೀಪಗಳನ್ನು ಸಾಲಾಗಿ ಜೋಡಿಸಿ. ಟೋಂಗಾಕ್ಕೆ ಜನ ಬಂದದ್ದು ಸುಮಾರು 2,800 ವರ್ಷದ ಹಿಂದೆ, ಚುಕ್ಕಿ ಚುಕ್ಕಿ ಅಚ್ಚೊತ್ತಿದ, ಲಪಿಟಾ ಅಂತ ಕರೆಯುವ ಮಡಕೆಗಳ ಜೊತೆ. ಆಮೇಲೆ ಪೂರ್ವಕ್ಕೆ ಹೋಗಲು ಸುಮಾರು 1,800 ವರ್ಷ ಬಿಡುವು. ಟಹೀಟಿ ಇರುವ ಸೊಸೈಟಿ ದ್ವೀಪಗಳಿಗೆ 1025ರಿಂದ 1120ರ ನಡುವೆ ಬಂದರು ಅಂತ 2011ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ದೂರದ ದ್ವೀಪಗಳೆಲ್ಲ 1190ರಿಂದ 1290ರೊಳಗೆ ತುಂಬಿದವು. ಆ ಬಿಡುವಿಗೆ ಒಂದು ಪೂರ್ತಿ ಪುಟ ಕೊಡಿ. ಪಾಲಿನೇಷ್ಯನ್ನರು ಪಾಲಿನೇಷ್ಯನ್ನರಾದದ್ದೇ ಆಗ, ಟೋಂಗಾ ಸಮೋವಾ ಕಡೆ.

ಅಲ್ಲಿ ಮಡಕೆಯ ಚಿತ್ತಾರ ಹೋಯಿತು, ಆಮೇಲೆ ಮಡಕೆಯೇ ಹೋಯಿತು. ಹಾಗಾಗಿ ಮುಂದಿನ ಕಾಲಕ್ಕೆ ಕಲ್ಲಿನ ಬಾಚಿಗಳನ್ನು ಹುಡುಕಿ. ಕಲ್ಲಿನ ರಾಸಾಯನಿಕ ಗುಣ ನೋಡಿ ಅದು ಯಾವ ದ್ವೀಪದ್ದು ಅಂತ ಗುರುತಿಸುತ್ತಾರೆ. ಸಮೋವಾದ ಟುಟುಯಿಲಾ ದ್ವೀಪದ ಕಲ್ಲು ಸುಮಾರು 1,600 ಕಿ.ಮೀ. ದೂರದ, ಕುಕ್ ದ್ವೀಪಗಳಲ್ಲಿ ಒಂದಾದ ಮಂಗಾಯಿಯಾದಲ್ಲಿ ಸಿಕ್ಕಿದೆ. ಅಂದರೆ ದ್ವೀಪ ಸೇರಿದ ಮೇಲೂ ಓಡಾಟ ನಿಂತಿರಲಿಲ್ಲ.

ಯಾರು ಆಳುತ್ತಿದ್ದರು ಅಂತ ತಿಳಿಯಬೇಕಾದರೆ ದೇವಸ್ಥಾನಗಳ ಕಡೆ ಬನ್ನಿ. ಹವಾಯಿಯ ಮಾವಿ ದ್ವೀಪದ ಹೇಯಾವ್ ಎಂಬ ಗುಡಿಗಳಲ್ಲಿ ಕಾಣಿಕೆಯಾಗಿ ಕೊಂಬೆ ಹವಳ ಇಟ್ಟಿದ್ದರು. ಹವಳದ ಮೇಲಿನ ಸಣ್ಣ ಗಂಟುಗಳು ಸವೆದಿವೆಯಾ ನೋಡಿ. ಸವೆದಿಲ್ಲ ಅಂದರೆ ದಡದಲ್ಲಿ ಬಿದ್ದಿದ್ದನ್ನು ಆರಿಸಿದ್ದಲ್ಲ, ಜೀವಂತ ಕಿತ್ತು ತಂದದ್ದು. ಅಂಥದ್ದರ ವಯಸ್ಸೇ ಕಾಣಿಕೆ ಇಟ್ಟ ಕಾಲ. ಹವಳದೊಳಗಿನ ಯುರೇನಿಯಂ ಕಾಲಕ್ರಮೇಣ ಥೋರಿಯಂ ಆಗುವುದನ್ನು ಅಳೆಯುವ ಯುರೇನಿಯಂ-ಥೋರಿಯಂ ಲೆಕ್ಕದಲ್ಲಿ ಆ ಗುಡಿಗಳು 1580ರಿಂದ 1640ರೊಳಗೆ, ಬರೀ ಅರವತ್ತು ವರ್ಷದಲ್ಲಿ ಎದ್ದವು ಅಂತ ಬಂತು. ಇನ್ನೂರೈವತ್ತು ವರ್ಷ ನಿಧಾನವಾಗಿ ಬೆಳೆದದ್ದು ಅಂತ ಅಂದುಕೊಂಡಿದ್ದ ಕತೆ ಹೀಗೆ ಅಜ್ಜ ಮೊಮ್ಮಗನ ಕಾಲಕ್ಕೆ ಕುಗ್ಗಿತು. ಯಾರೋ ಗಟ್ಟಿ ಅರಸ ಹಟ ಹಿಡಿದು ಕಟ್ಟಿಸಿದಂತೆ ನನಗೆ ಕಾಣುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಈ ಸಾಲಿನ ಮೂರನೇ ಕಾಲಂನಲ್ಲಿ 'ಹವಳ, ಗಂಟು ಸವೆದಿಲ್ಲ' ಅಂತಿದೆ.