ಹಳೇ ದೋಸ್ತರು, ಅಟ್ಟದ ಕ್ಯಾಸೆಟ್ಟು: ಹಾಡು ಹಂಚಿಕೊಳ್ಳುವುದು ಹೇಗೆ?

ತೊಂಬತ್ತರ ದಶಕದಲ್ಲಿ ಕಾಲೇಜು ಮುಗಿಸಿದವರ ಯಾವ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೂ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಹಾಸ್ಟೆಲ್‌ನಾಗಿನ ಕ್ಯಾಸೆಟ್ ಎಲ್ಲಾ ನನ್ನ ಹತ್ರ ಅದಾವಲೇ." ತಕ್ಷಣ ಹತ್ತು ಜನ "ಕಳಸಲೇ, ಕಳಸಲೇ" ಅಂತ ಗಂಟುಬೀಳುತ್ತಾರೆ. ಆಮೇಲೆ ಏನೂ ಆಗುವುದಿಲ್ಲ. ಇಲ್ಲವಾದರೆ ಅದಕ್ಕಿಂತ ಕೆಟ್ಟದ್ದು ಆಗುತ್ತದೆ. ಯಾರೋ ಉತ್ಸಾಹಿ ಸಾವಿರಾರು ಹಾಡುಗಳ ಒಂದು ದೊಡ್ಡ ಫೋಲ್ಡರ್ ತಂದು ಸುರಿಯುತ್ತಾನೆ, ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಯಾರೂ ತೆರೆದು ನೋಡುವುದಿಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಎಲ್ಲಾದರೂ ಸಿಗುವ ಹಾಡನ್ನು ಹಂಚಲು ಹೋಗಬೇಡಿ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಸಿನಿಮಾ ಹಾಡುಗಳು ಫೋನಿನಲ್ಲಿ ಎರಡು ಸಲ ಒತ್ತಿದರೆ ಸಿಗುತ್ತವೆ, ಅದೂ ನಿಮ್ಮ ಸವೆದ ಕ್ಯಾಸೆಟ್ಟಿಗಿಂತ ಚೆನ್ನಾಗಿ. ಸಿಗದೇ ಇರುವುದನ್ನು ಹುಡುಕಿ. ಕಾಲೇಜ್ ಡೇ ದಿನ ಯಾರೋ ಟೇಪ್ ರೆಕಾರ್ಡರ್ ವೇದಿಕೆ ಮೇಲಿಟ್ಟು ಹಿಡಿದ ಭಾವಗೀತೆ, ಹಾಸ್ಟೆಲ್ ರೂಮಿನ ಅಂತ್ಯಾಕ್ಷರಿ, ಆಕಾಶವಾಣಿಯಿಂದ ತುಂಬಿಕೊಂಡ ನಾಟಕ, ಧಾರವಾಡದಲ್ಲಿ ಓದಿದವರ ಹತ್ತಿರವಾದರೆ ಮುಂದಿನ ಸಾಲಿನಲ್ಲಿ ಕೂತು ಹಿಡಿದ ಹಿಂದೂಸ್ತಾನಿ ಸಂಗೀತದ ಬೈಠಕ್‌ಗಳು. ಕಷ್ಟಪಡುವುದಾದರೆ ಇವುಗಳಿಗೆ ಪಡಬೇಕು.

ಮೊದಲು ಪಟ್ಟಿ, ಆಮೇಲೆ ಹಾಡು

ಯಾರೂ ಒಂದು ಹಾಡನ್ನೂ ಕಳಿಸುವ ಮೊದಲು ಒಂದು ಗೂಗಲ್ ಶೀಟ್ ತೆರೆಯಿರಿ. ಕಾಲಮ್ಮುಗಳು ಜಾಸ್ತಿ ಬೇಡ: ಏನಿದೆ, ಯಾವುದರಲ್ಲಿದೆ (ಕ್ಯಾಸೆಟ್ಟೋ, ಸಿಡಿಯೋ, ಹಾರ್ಡ್ ಡಿಸ್ಕೋ), ಯಾರ ಹತ್ತಿರ ಇದೆ, ಆನ್‌ಲೈನ್‌ನಲ್ಲಿ ಸಿಗುತ್ತದೆಯೋ ಇಲ್ಲವೋ. ಕೊನೆಯ ಕಾಲಮ್ಮನ್ನು ಪ್ರತಿಯೊಬ್ಬರೂ ಹುಡುಕಿಯೇ ತುಂಬಬೇಕು. ಅಲ್ಲಿಗೆ ಅರ್ಧಕ್ಕಿಂತ ಜಾಸ್ತಿ ಕೆಲಸ ತಾನಾಗಿಯೇ ಕರಗುತ್ತದೆ.

ಟೈಪ್ ಮಾಡಲು ಬೇಸರವೇ? ಕ್ಯಾಸೆಟ್ ಡಬ್ಬಿಯೊಳಗಿನ ಕಾರ್ಡಿನ ಫೋಟೊ ತೆಗೆದು ಹಾಕಿ, ಸಾಕು. ನಿಜ ಹೇಳಬೇಕೆಂದರೆ ಹಾಡಿಗಿಂತ ಆ ಕಾರ್ಡೇ ಒಂದೊಂದು ಸಲ ಮಜಾ ಕೊಡುತ್ತದೆ. ಆಗ ಖಾಲಿ ಕ್ಯಾಸೆಟ್ಟು ಮತ್ತು ಹಾಡುಗಳ ಚೀಟಿ ಒಯ್ದು ರೆಕಾರ್ಡಿಂಗ್ ಅಂಗಡಿಯಲ್ಲಿ ಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿಕೊಡುತ್ತಿದ್ದರಲ್ಲ, ಆ ಕಾರ್ಡುಗಳ ಮೇಲೆ ಅಂಗಡಿಯವರ ಅಕ್ಷರ ಇರುತ್ತದೆ. ಬಿ ಸೈಡಿನ ಕೊನೆಗೆ ಜಾಗ ಉಳಿದರೆ ಖಾಲಿ ಬಿಡಬಾರದು ಅಂತ ಅವರೇ ತಮಗಿಷ್ಟವಾದ ಒಂದು ಹಾಡು ಹಾಕುತ್ತಿದ್ದರು, ನಾವು ಬರೆದುಕೊಟ್ಟ ಚೀಟಿಯಲ್ಲಿ ಅದರ ಸುಳಿವೇ ಇರುತ್ತಿರಲಿಲ್ಲ. ಆ ಹಾಡು ಅರ್ಧಕ್ಕೇ ಕಟ್ಟಾಗುವುದೂ ಮಾಮೂಲು. ಪಟ್ಟಿ ಮಾಡುವಾಗ ಅದನ್ನೂ ಸೇರಿಸಿ.

ಹಳೇ ಕಂಪ್ಯೂಟರಿನಲ್ಲಿ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ಈಗ ತೆರೆದಾಗ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣಬಹುದು. ಹೆದರಬೇಡಿ, ಫೈಲ್ ಕೆಟ್ಟಿಲ್ಲ. ಈಗ ಎಲ್ಲ ಕಂಪ್ಯೂಟರೂ ಫೋನೂ ಓದುವ ಯೂನಿಕೋಡ್ ಅನ್ನುವ ಪದ್ಧತಿ ಬರುವ ಮುಂಚಿನ ಫಾಂಟು ಅದು. ಆ ತಂತ್ರಾಂಶಗಳಲ್ಲೇ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಇದೆ.

ಕ್ಯಾಸೆಟ್ ಇಳಿಸುವುದು

ಇಳಿಸುವುದು ಅಂದರೆ ಕ್ಯಾಸೆಟ್ಟಿನ ದನಿಯನ್ನು ಕಂಪ್ಯೂಟರಿನ ಫೈಲ್ ಮಾಡಿಕೊಳ್ಳುವುದು. ಇದೇ ನಿಜವಾದ ಕೆಲಸ. ಇದಕ್ಕೆ ಅಡ್ಡದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್ ಇಳಿಸಲು 60 ನಿಮಿಷ ಬೇಕು, 90ರದ್ದಕ್ಕೆ 90. ಅದಕ್ಕೇ ಒಬ್ಬರ ತಲೆಗೆ ಕಟ್ಟದೆ, ಟೇಪ್ ರೆಕಾರ್ಡರ್ ಇನ್ನೂ ಚಾಲೂ ಇರುವ ಇಬ್ಬರು ಮೂವರು ಹಂಚಿಕೊಳ್ಳುವುದು ಒಳ್ಳೆಯದು. ಯಾರ ಹತ್ತಿರವೂ ಇಲ್ಲವಾದರೆ ಬೆಂಗಳೂರಿನವರು ಎಸ್.ಪಿ. ರೋಡಿನಲ್ಲಿ, ಸಂಡೇ ಬಜಾರಿನಲ್ಲಿ ಒಂದು ಸುತ್ತು ಹೊಡೆಯಲಿ. ಕೊಳ್ಳುವಾಗ ಅಂಗಡಿಯಲ್ಲೇ ಹಾಕಿ ಕೇಳಿ. ಹಾಡು ಎಳೆದಂತೆ, ಅಳುತ್ತಿರುವಂತೆ ಕೇಳಿದರೆ ಟೇಪು ಓಡಿಸುವ ಒಳಗಿನ ಬೆಲ್ಟ್ ಸಡಿಲವಾಗಿದೆ ಎಂದರ್ಥ. ಬೆಲ್ಟ್ ಬದಲಾಯಿಸಬಹುದು. ಹೆಡ್ (ಟೇಪಿಗೆ ತಾಗಿ ದನಿ ಓದುವ ಭಾಗ) ಸವೆದಿದ್ದರೆ ಮಾತ್ರ ಬಿಟ್ಟು ಬನ್ನಿ.

ಕ್ಯಾಸೆಟ್ಟನ್ನು ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬಿಳಿ ಪುಡಿ ಕಂಡರೆ ಬೂಷ್ಟು ಹಿಡಿದಿದೆ. ಮಲೆನಾಡು, ಕರಾವಳಿ ಮನೆಗಳ ಅಟ್ಟದಿಂದ ಬಂದವುಗಳಲ್ಲಿ ಇದು ಸಾಮಾನ್ಯ. ಅದನ್ನು ಹಾಗೇ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೂಷ್ಟು ಹಿಡಿದವನ್ನು ಬೇರೆ ಇಟ್ಟು ಕೊನೆಗೆ ನೋಡಿಕೊಳ್ಳಿ. ಕ್ಯಾಸೆಟ್ಟಿನ ಕೆಳಗಡೆ, ಟೇಪು ಕಾಣುವ ಬಾಯಿಯ ಹತ್ತಿರ, ಟೇಪಿನ ಹಿಂದೆ ಒಂದು ಪುಟ್ಟ ಬಟ್ಟೆಯ ಪ್ಯಾಡ್ ಇರುತ್ತದೆ. ಅದು ಉದುರಿಹೋಗಿದ್ದರೆ ದನಿ ಬಂದು ಬಂದು ಹೋಗುತ್ತದೆ. ಕೆಲಸಕ್ಕೆ ಬಾರದ ಇನ್ನೊಂದು ಕ್ಯಾಸೆಟ್ಟಿನ ಪ್ಯಾಡ್ ಕಿತ್ತು ಇದಕ್ಕೆ ಅಂಟಿಸಬಹುದು. ಮೂಲೆಯಲ್ಲಿ ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚುವುದು ಸುಲಭ, ಅಂಟಿಸಿದ ಕ್ಯಾಸೆಟ್ ಆದರೆ ಬ್ಲೇಡು ಹಿಡಿದು ತಾಳ್ಮೆಯಿಂದ ಬಿಡಿಸಬೇಕು. ಆಮೇಲೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಕದಲದೆ ಕೂತ ಟೇಪು ಸಡಿಲವಾಗುತ್ತದೆ. ಪೆನ್ಸಿಲ್ ತೂರಿಸಿ ಕೈಯಲ್ಲಿ ಸುತ್ತಿದರೂ ಆದೀತು, ಆ ವಿದ್ಯೆ ಯಾರೂ ಮರೆತಿರುವುದಿಲ್ಲ ಅಲ್ವಾ?

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಇಯರ್‌ಬಡ್‌ನಿಂದ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ, ಒಣಗಲು ಬಿಡಿ.

ಇನ್ನು ವೈರಿನ ವಿಷಯ. ಟೇಪ್ ರೆಕಾರ್ಡರಿನ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ದನಿ ಹೋಗಬೇಕು. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಒಂದೇ ತೂತು ಮೈಕಿಗೆ ಮಾಡಿದ್ದು, ಅದು ಸ್ಟೀರಿಯೊ ಹಿಡಿಯುವುದಿಲ್ಲ. ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಗುಂಪಿಗೆಲ್ಲ ಸೇರಿ ಕೊಂಡರೆ ಆಯಿತು. ತಂತ್ರಾಂಶ ಆಡಾಸಿಟಿ ಸಾಕು, ಅದಕ್ಕೆ ದುಡ್ಡಿಲ್ಲ. ಸ್ಟೀರಿಯೊ, 44,100 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ಕ್ಯಾಸೆಟ್ಟಿನಲ್ಲಿ ಎಲ್ಲಕ್ಕಿಂತ ಜೋರಾದ ಜಾಗ ಹಾಕಿ ನೋಡಿ, ಆಡಾಸಿಟಿಯ ಮೀಟರ್ ಮೈನಸ್ 6 ಡೆಸಿಬೆಲ್ ಆಸುಪಾಸು ಬರುವ ಹಾಗೆ ದನಿ ಹೊಂದಿಸಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಒಂದು ಯಂತ್ರದಲ್ಲಿ ತುಂಬಿದ ಕ್ಯಾಸೆಟ್ ಇನ್ನೊಂದರಲ್ಲಿ ಹಾಕಿದಾಗ ಮಂಕಾಗಿ, ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತದೆ. ಎಷ್ಟೋ ಜನ ಕ್ಯಾಸೆಟ್ ಹಾಳಾಗಿದೆ ಅಂತ ಎಸೆದೇಬಿಡುತ್ತಾರೆ. ಬಹಳ ಸಲ ಹಾಳಾಗಿರುವುದಿಲ್ಲ, ಎರಡು ಯಂತ್ರಗಳ ಹೆಡ್ ಕೂತಿರುವ ಓರೆ ಬೇರೆ ಬೇರೆ ಇರುತ್ತದೆ, ಅಷ್ಟೇ. ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇದೆ. ಹಾಡು ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರ್ ಇಟ್ಟು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ. ಕಿವಿ ತಾಳದ ಮೇಲಿರಲಿ. ಒಂದು ಕಡೆ ಬಂದಾಗ ತಾಳ, ಗೆಜ್ಜೆ, ಹಾಡುವವರ 'ಸ'ಕಾರ ಎಲ್ಲ ಫಕ್ಕನೆ ಬಿಡಿಸಿಕೊಂಡು ಕೇಳುತ್ತವೆ. ಅಲ್ಲಿಗೆ ನಿಲ್ಲಿಸಿ. ಈ ಒಂದು ಕೆಲಸಕ್ಕೆ ಎರಡು ನಿಮಿಷ ಸಾಕು, ಆದರೆ ಯಾವ ತಂತ್ರಾಂಶವೂ ಆಮೇಲೆ ಕೊಡಲಾರದಷ್ಟು ವ್ಯತ್ಯಾಸ ಆಗುತ್ತದೆ.

ಒಂದು ಸೈಡ್ ಪೂರ್ತಿ ಒಂದೇ ಏಟಿಗೆ ಇಳಿಸಿಕೊಳ್ಳಿ. ಆಮೇಲೆ ಪ್ರತಿ ಹಾಡು ಶುರುವಾಗುವ ಜಾಗದಲ್ಲಿ ಲೇಬಲ್ ಹಾಕಿದರೆ ಆಡಾಸಿಟಿಯೇ ಒಂದೊಂದನ್ನೂ ಬೇರೆ ಫೈಲ್ ಮಾಡಿಕೊಡುತ್ತದೆ. 'ಸೊಯ್' ಅನ್ನುವ ಸದ್ದು ತೆಗೆಯುವ ಸೌಲಭ್ಯವೂ ಇದೆ. ಹಾಡಿಲ್ಲದ ಜಾಗದ ಸದ್ದನ್ನು ಅದಕ್ಕೆ ಮೊದಲು ತೋರಿಸಿ, ಆಮೇಲೆ ಪೂರ್ತಿ ಹಾಡಿನ ಮೇಲೆ ಓಡಿಸಬೇಕು. ಆದರೆ ಸ್ವಲ್ಪವೇ ತೆಗೆಯಿರಿ. ಜಾಸ್ತಿ ತೆಗೆದರೆ ತಂಬೂರಿ ನೀರೊಳಗಿಂದ ಬಂದಂತೆ ಕೇಳುತ್ತದೆ. ನನ್ನ ಮಟ್ಟಿಗೆ ಸೊಯ್ ಸದ್ದೇ ವಾಸಿ. ಏನೂ ತಿದ್ದದ ಮೂಲ ಫೈಲನ್ನಂತೂ ಅಳಿಸಲೇಬೇಡಿ.

ಮೂಲವನ್ನು ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಆಗಿ ಇಡಿ. ಸಿಡಿ ಗುಣಮಟ್ಟದ ದನಿಗೆ ಕುಗ್ಗಿಸದೇ ಬಿಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು, ಫ್ಲ್ಯಾಕ್ ಏನನ್ನೂ ಕಳೆಯದೆ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಫೋನಿನಲ್ಲಿ ಕೇಳಲು ಅದರಿಂದ ಎಂಪಿ3 ಮಾಡಿಕೊಳ್ಳಿ. ಉಲ್ಟಾ ಮಾತ್ರ ಮಾಡಬೇಡಿ. 2000ರ ಆಚೀಚೆ ಒಂದೇ ಡಿಸ್ಕಿನಲ್ಲಿ 150 ಹಾಡು ಅಂತ ಬರುತ್ತಿದ್ದ ಎಂಪಿ3 ಸಿಡಿಗಳು ಬಹುತೇಕ ತುಂಬಾ ಕುಗ್ಗಿಸಿದ, 128 ಕೆಬಿಪಿಎಸ್‌ನವು. ಅವನ್ನು ಫ್ಲ್ಯಾಕ್ ಮಾಡಿದರೆ ಫೈಲು ದಪ್ಪ ಆಗುತ್ತದೆಯೇ ಹೊರತು ಕಳೆದುಹೋದ ದನಿ ವಾಪಸ್ ಬರುವುದಿಲ್ಲ. ಅಂದಹಾಗೆ ಮನೆಯಲ್ಲಿ ಬರೆದ ಸಿಡಿಗಳಿದ್ದರೆ ಕ್ಯಾಸೆಟ್ಟಿಗಿಂತ ಮೊದಲು ಅವನ್ನು ಇಳಿಸಿ. ಕ್ಯಾಸೆಟ್ ಕೆಟ್ಟರೆ ಮಂಕಾಗಿಯಾದರೂ ಹಾಡುತ್ತದೆ, ಸಿಡಿ ಕೈಕೊಟ್ಟರೆ ಪೂರ್ತಿ ಮೌನ.

ಹೆಸರಿಡುವುದು

ಒಂದು ಪದ್ಧತಿ ಮಾಡಿಕೊಂಡು ಎಲ್ಲರೂ ಅದನ್ನೇ ಪಾಲಿಸಿ: ವರ್ಷ, ಹಾಡಿದವರು, ಹಾಡಿನ ಮೊದಲ ಸಾಲು, ಕೊಟ್ಟವರ ಹೆಸರು. ವರ್ಷ ಗೊತ್ತಿಲ್ಲದಿದ್ದರೆ ಊಹೆ ಬರೆಯಬೇಡಿ, ಖಾಲಿ ಬಿಡಿ. ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಯಾಕೆಂದರೆ ಕೆಲವು ಕಾರ್ ಸ್ಟೀರಿಯೊಗಳು ಕನ್ನಡ ಕಂಡರೆ ಬರೀ ಚೌಕಗಳನ್ನು ತೋರಿಸುತ್ತವೆ. ಕನ್ನಡದ ವಿವರವನ್ನು ಟ್ಯಾಗಿನಲ್ಲಿ, ಅಂದರೆ ಫೈಲಿನ ಒಳಗೇ ಇರುವ ವಿವರದ ಜಾಗದಲ್ಲಿ ಬರೆಯಿರಿ. ಎಂಪಿ3ಟ್ಯಾಗ್ ಅನ್ನುವ ತಂತ್ರಾಂಶದಲ್ಲಿ ಒಂದು ಫೋಲ್ಡರಿಗೆಲ್ಲ ಒಟ್ಟಿಗೇ ಟ್ಯಾಗ್ ಹಾಕಬಹುದು.

ಕಳಿಸುವುದು

ವಾಟ್ಸ್‌ಆ್ಯಪ್‌ನಲ್ಲಿ ಹಾಡನ್ನು ಆಡಿಯೊ ಅಂತ ಕಳಿಸಿದರೆ ನೀವು ಕಷ್ಟಪಟ್ಟು ಇಟ್ಟ ಹೆಸರು ಹೋಗಿ, ಆಚೆ ಕಡೆಯ ಫೋನಿನಲ್ಲಿ ಬರೀ ತಾರೀಕು ಮತ್ತು ನಂಬರಿನ ಫೈಲು ಕೂರಬಹುದು. ಡಾಕ್ಯುಮೆಂಟ್ ಅಂತ ಕಳಿಸಿ, ಹೆಸರು ಉಳಿಯುತ್ತದೆ. ಸಣ್ಣ ಸಂಗ್ರಹಕ್ಕೆ ಗೂಗಲ್ ಡ್ರೈವ್ ಆದೀತು, ಪುಕ್ಕಟೆ ಜಾಗ 15 ಜಿಬಿ, ಅದರಲ್ಲಿ ನಿಮ್ಮ ಮೇಲ್ ಕೂಡ ಸೇರಿರುತ್ತದೆ ಅನ್ನುವುದು ನೆನಪಿರಲಿ. ಲಿಂಕನ್ನು ಯಾರು ಬೇಕಾದರೂ ತೆರೆಯುವ ಹಾಗೆ ಬಿಡದೆ, ಗುಂಪಿನವರ ಇಮೇಲ್‌ಗಳಿಗೆ ಮಾತ್ರ ಕೊಡಿ.

ದೊಡ್ಡದಿದ್ದರೆ ಹಾರ್ಡ್ ಡಿಸ್ಕೇ ಗತಿ. ಬ್ಯಾಚಿನವರು ಸೇರುವ ದಿನ ಕೈಯಿಂದ ಕೈಗೆ ದಾಟಿಸುವುದು ಎಲ್ಲಕ್ಕಿಂತ ಸಲೀಸು. ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ಓದಲೂ ಬರುತ್ತದೆ, ಬರೆಯಲೂ ಬರುತ್ತದೆ. ಕೊರಿಯರ್ ಮಾಡುವುದಾದರೆ ಇನ್ನೊಂದು ಪ್ರತಿ ಮನೆಯಲ್ಲಿ ಇರಲೇಬೇಕು. ಇಳಿಸದೇ ಇರುವ ಕ್ಯಾಸೆಟ್ಟನ್ನಂತೂ ಯಾರು ಎಷ್ಟೇ ಕೇಳಿದರೂ ಕೊರಿಯರಿಗೆ ಹಾಕಬೇಡಿ. ಅಮೆರಿಕಾದಲ್ಲೋ ದುಬೈಯಲ್ಲೋ ಇರುವ ದೋಸ್ತರಿಗೆ ಸಿಂಕ್‌ಥಿಂಗ್ ಅನ್ನುವ ಉಚಿತ ತಂತ್ರಾಂಶ ಒಳ್ಳೆಯದು. ನಡುವೆ ಯಾರ ಸರ್ವರಿನಲ್ಲೂ ಫೈಲ್ ಕೂರುವುದಿಲ್ಲ, ನಿಮ್ಮ ಫೋಲ್ಡರಿಗೆ ಹಾಕಿದ್ದು ಅವರ ಫೋಲ್ಡರಿಗೆ ಹೋಗುತ್ತದೆ.

ಕಾನೂನು ಮತ್ತು ಮರ್ಯಾದೆ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಸ್ವಂತ ಬಳಕೆಗೆ ಸ್ವಲ್ಪ ವಿನಾಯಿತಿ ಕೊಡುತ್ತದೆ. ಆದರೆ ನಲವತ್ತು ಜನರ ಗುಂಪಿಗೆ ಪ್ರತಿ ಮಾಡಿ ಹಂಚುವುದು 'ಸ್ವಂತ' ಅನ್ನುವುದು ಕಷ್ಟವೇ. ಧ್ವನಿಮುದ್ರಣದ ಮೇಲಿನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹಾಡು ಬರೆದವರದ್ದು, ರಾಗ ಹಾಕಿದವರದ್ದು ಅವರು ತೀರಿಕೊಂಡ ಮೇಲೂ 60 ವರ್ಷ. ಆದ್ದರಿಂದ ಅಂಗಡಿಯಲ್ಲಿ ಮಾರಾಟವಾದ ಹಾಡುಗಳಿಗೆ ಸ್ಪಾಟಿಫೈಯಲ್ಲೋ ಯೂಟ್ಯೂಬ್ ಮ್ಯೂಸಿಕ್‌ನಲ್ಲೋ ಎಲ್ಲರೂ ಸೇರಿಸಬಹುದಾದ ಒಂದು ಪ್ಲೇಲಿಸ್ಟ್ ಮಾಡಿ, ಫೈಲ್ ಬೇಡ. ಇಲ್ಲವೇ ಕ್ಯಾಸೆಟ್ಟನ್ನೇ ಅದಲುಬದಲು ಮಾಡಿಕೊಳ್ಳಿ: ನೀನು ಅದನ್ನು ಇಟ್ಟುಕೋ, ನನಗೆ ಇದನ್ನು ಕೊಡು ಅಂತ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಬೈಠಕ್ ರೆಕಾರ್ಡಿಂಗ್‌ಗಳ ಮೇಲೆ ಕಲಾವಿದರ ಹಕ್ಕೂ ಇದೆ, ಯೂಟ್ಯೂಬಿಗೆ ಏರಿಸಿ ಲೈಕ್ ಎಣಿಸುವ ಆಸೆ ಇಟ್ಟುಕೊಳ್ಳಬೇಡಿ.

ನಮ್ಮದೇ ದನಿಗಳಿರುವ ಕ್ಯಾಸೆಟ್ಟಿನ ಕತೆ ಬೇರೆ. ಅಂತ್ಯಾಕ್ಷರಿಯ ನಡುವೆ ಯಾರೋ ಯಾರನ್ನೋ ಕಾಡಿಸಿರುತ್ತಾರೆ, ಯಾವುದೋ ಹೆಸರು ಬಂದಿರುತ್ತದೆ, ಈಗ ಅವರ ಮನೆಯವರೂ ಮಕ್ಕಳೂ ಕೇಳುತ್ತಾರೆ. ಗುಂಪಿಗೆ ಹಾಕುವ ಮೊದಲು ಅದರಲ್ಲಿ ದನಿ ಇರುವವರಿಗೆ ಒಂದು ಫೋನ್ ಮಾಡಿ. ಹಾಡಿದವರು ಈಗ ಇಲ್ಲವಾದರೆ ಮೊದಲ ಪ್ರತಿ ಅವರ ಮನೆಗೆ ಹೋಗಲಿ, ಗುಂಪಿಗೆ ಆಮೇಲೆ. ಅವರು ಬೇಡ ಎಂದರೆ ಬೇಡ.

ವಾರಕ್ಕೊಂದೇ

ಎಲ್ಲಾ ಇಳಿಸಿ ಮುಗಿದ ಮೇಲೂ ಒಟ್ಟಿಗೆ ಸುರಿಯಬೇಡಿ. ಭಾನುವಾರಕ್ಕೊಂದು ಅಂತ ಹಾಕಿ, ಸರದಿ ಪ್ರಕಾರ. ಹಾಕಿದವರು ಎರಡು ಸಾಲು ಬರೆಯಲಿ: ಯಾರು ತುಂಬಿದ್ದು, ಯಾವ ರೂಮಿನಲ್ಲಿ, ಹಿಂದೆ ಕೇಳುವ ಬಾಗಿಲ ಸದ್ದು ಯಾರದ್ದು. ಈ ಎರಡು ಸಾಲನ್ನು ಯಾರಾದರೂ ಎತ್ತಿ ಶೀಟಿನಲ್ಲಿ ಆ ಹಾಡಿನ ಮುಂದೆ ಅಂಟಿಸುತ್ತಾ ಹೋಗಬೇಕು. ಗುಂಪಿನ ಚಾಟ್‌ನಲ್ಲಿ ಬಿಟ್ಟರೆ ಗುಡ್ ಮಾರ್ನಿಂಗ್‌ಗಳ ಅಡಿಯಲ್ಲಿ ಹೂತುಹೋಗುತ್ತದೆ.

ಇಳಿಸಿದ ಕ್ಯಾಸೆಟ್ಟುಗಳನ್ನು ಎಸೆಯಬೇಡಿ, ಮುಂದೆ ಇನ್ನೂ ಒಳ್ಳೆಯ ಯಂತ್ರ ಕೈಗೆ ಸಿಗಬಹುದು. ಟೇಪನ್ನು ಒಂದು ತುದಿಗೆ ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಪಕ್ಕ ಇಡದೆ ದೂರ ಇಡಿ, ಅದರಲ್ಲಿ ಅಯಸ್ಕಾಂತ ಇರುತ್ತದೆ. ಮೇಲಿನ ಎರಡು ಕಿಂಡಿಗಳ ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಆಗ ಮೊಮ್ಮಕ್ಕಳು ಕೆಂಪು ಗುಂಡಿ ಒತ್ತಿದರೂ ಏನೂ ಅಳಿಸಿಹೋಗುವುದಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್‌ನ ಹೊಸ ಪೊಟ್ಟಣ ಹಾಕಿ, ಹಳೆಯದನ್ನು ತೆಗೆಯಿರಿ.