ತಿಂಗಳು ಮೊದಲು, ದ್ವೀಪ ಆಮೇಲೆ

ಗಂಡ ಹೆಂಡತಿ ಇಬ್ಬರೇ ದ್ವೀಪಕ್ಕೆ ಹೊರಟಿದ್ದೀವಿ ಅಂದರೆ ಎಲ್ಲರೂ ಕೇಳುವುದು ಒಂದೇ: "ಯಾವ ದ್ವೀಪ?" ನಾವು ಮಾತ್ರ ಮೊದಲು ತಿಂಗಳು ಗೊತ್ತು ಮಾಡಿಕೊಂಡೆವು. ಬೇರೆ ದಾರಿ ಇರಲಿಲ್ಲ ಅನ್ನಿ. ಇವರು ಸಿಎ ಆಫೀಸಿನಲ್ಲಿದ್ದಾರೆ. ಜುಲೈ ಬಂತೆಂದರೆ ರಿಟರ್ನ್, ಆಮೇಲೆ ಆಡಿಟ್, ಹೊಸ ವರ್ಷ ಶುರುವಾದರೆ ಮಾರ್ಚ್ ಎಂಡ್. ಡಿಸೆಂಬರ್‌ನ ಮೊದಲ ಎರಡು ಮೂರು ವಾರ ಮಾತ್ರ ಸ್ವಲ್ಪ ಉಸಿರು ಬಿಡಬಹುದು. ಕ್ರಿಸ್‌ಮಸ್ ಹತ್ತಿರ ಬಂದರೆ ಎಲ್ಲಾ ಕಡೆ ರೂಮಿನ ಬಾಡಿಗೆ ಏರುತ್ತದೆ. ಹಾಗಾಗಿ ಅದಕ್ಕಿಂತ ಮೊದಲೇ ಹೋಗಿ ಬರಬೇಕು ಅಂತ ತೀರ್ಮಾನ ಆಯಿತು.

ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿಯುವ ನನಗೆ ಲೇಡೀಸ್ ಡಬ್ಬಾದಲ್ಲಿ ಸಲಹೆಗಳಿಗೆ ಬರ ಇಲ್ಲ. ಒಬ್ಬಳು ಬಾಲಿ ಅಂದಳು, ಇನ್ನೊಬ್ಬಳು ಫುಕೆಟ್, ಮತ್ತೊಬ್ಬಳು ಮೊಬೈಲ್ ತೆಗೆದು ಮಾಲ್ಡೀವ್ಸ್‌ನ ಫೋಟೋ ತೋರಿಸಿದಳು. ಫೋಟೋದಲ್ಲಿ ಎಲ್ಲಾ ದ್ವೀಪವೂ ಒಂದೇ ಥರ ಕಾಣುತ್ತದೆ. ನೀಲಿ ನೀರು, ಬಿಳಿ ಮರಳು, ಬಗ್ಗಿದ ತೆಂಗಿನ ಮರ. ಆ ಫೋಟೋ ಯಾವ ತಿಂಗಳಿನದು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಬೆಚ್ಚಗಿನ ದೇಶದ ದ್ವೀಪ ಅಂದರೆ ವರ್ಷವಿಡೀ ಬಿಸಿಲು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ಒಣ ಕಾಲ ಏಪ್ರಿಲ್‌ನಿಂದ ಅಕ್ಟೋಬರ್, ಡಿಸೆಂಬರ್ ಅಂದರೆ ಮಳೆ. ಥಾಯ್ಲೆಂಡ್ ಒಂದೇ ದೇಶವಾದರೂ ಫುಕೆಟ್‌ನಲ್ಲಿ ಡಿಸೆಂಬರ್‌ಗೆ ಬಿಸಿಲು, ಆ ಕಡೆಯ ಕರಾವಳಿಯ ಸಮುಯಿ ದ್ವೀಪದಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಶ್ರೀಲಂಕಾದಲ್ಲೂ ಇದೇ ಕಥೆ. ಡಿಸೆಂಬರ್ ಕಳೆಯುತ್ತಿದ್ದಂತೆ ಗಾಲ್, ಮಿರಿಸ್ಸಾ ಕಡೆಯ ಸಮುದ್ರ ಚೆನ್ನಾಗಿರುತ್ತದೆ. ಟ್ರಿಂಕೋಮಲಿಗೆ ಹೋಗಬೇಕಾದರೆ ನಮ್ಮ ಮುಂಬೈಯಲ್ಲಿ ಮಳೆ ಸುರಿಯುವಾಗ ಹೋಗಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ರಜೆ ಸಿಗುವವರು ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಬಿಟ್ಟು ಬಾಲಿ ಅಥವಾ ಮಾರಿಷಸ್ ನೋಡುವುದು ಒಳ್ಳೆಯದು.

ಬಾಲಿಯ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ನಮ್ಮ ಥರವೇ ಅವರಿಗೂ ಶಕ ವರ್ಷ ಇದೆ. ಅವರ ಹೊಸ ವರ್ಷದ ಹೆಸರು ನ್ಯೆಪಿ. ಅದು ಎಷ್ಟೋ ಸಲ ಯುಗಾದಿಯ ದಿನವೇ, ಇಲ್ಲವೇ ಅದರ ಹಿಂದೆ ಮುಂದೆ ಬರುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು. ಆ ದಿನ ಅಲ್ಲಿ ವಿಮಾನ ನಿಲ್ದಾಣವೂ ಬಂದ್. ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಯುಗಾದಿ ರಜೆಗೆ ಬಾಲಿ ಅಂದುಕೊಂಡವರು ಟಿಕೆಟ್ ತೆಗೆಯುವ ಮೊದಲು ಪಂಚಾಂಗ ನೋಡಬೇಕು!

ತಿಂಗಳು ಗೊತ್ತಾದ ಮೇಲೆ ಇಬ್ಬರೂ ಬೇರೆ ಬೇರೆ ಕೂತು ಒಂದೊಂದು ಚೀಟಿ ಬರೆದೆವು. ಏನು ಬೇಕು ಅಂತಲ್ಲ, ಏನು ಬೇಡ ಅಂತ. ಬೇಕು ಅಂತ ಬರೆಯಲು ಕೂತರೆ ಎಲ್ಲಾ ದ್ವೀಪವೂ ಬೇಕು ಅನ್ನಿಸುತ್ತದೆ. ನನ್ನ ಚೀಟಿಯಲ್ಲಿ ಇದ್ದದ್ದು: ದಿನಾ ಬ್ಯಾಗ್ ಕಟ್ಟುವುದು ಬೇಡ, ಪ್ರತಿ ಊಟದ ಬಿಲ್ ನೋಡಿ ಎದೆ ಧಸಕ್ ಅನ್ನುವುದು ಬೇಡ, ಸಮುದ್ರವನ್ನು ಬಾಲ್ಕನಿಯಿಂದ ನೋಡಿ ಬರುವುದು ಬೇಡ. ನಾನು ಕುಂದಾಪುರದವಳು. ಬರೀ ನೋಡುವುದಕ್ಕೆ ಸಮುದ್ರ ನಮ್ಮೂರಲ್ಲಿ ಬೇಕಾದಷ್ಟಿದೆ. ಅಮ್ಮ ಫೋನಿನಲ್ಲಿ ಅದನ್ನೇ ಹೇಳಿದರು: "ಎಂತಕೆ ಅಷ್ಟ್ ದೂರ? ನಮ್ ಮರವಂತೆ ಸಾಕಾತಿಲ್ಯಾ?"

ಇವರು ಧಾರವಾಡದವರು. ಈಜು ಬರುವುದಿಲ್ಲ, ಮೀನು ಮುಟ್ಟುವುದಿಲ್ಲ. ಇವರ ಚೀಟಿಯಲ್ಲಿ ರಾತ್ರಿಯೆಲ್ಲ ಹಡಗು ಬೇಡ ಅಂತಿತ್ತು. "ವೆಜ್ ಅಂದರೆ ಮೀನೂ ಇಲ್ಲ" ಅಂತ ಪ್ರತಿ ಹೋಟೆಲಿನಲ್ಲಿ ಬಿಡಿಸಿ ಹೇಳುವುದು ಬೇಡ ಅಂತಿತ್ತು. ಕೊನೆಯಲ್ಲಿ, ಅಡಿಗೆರೆ ಎಳೆದು, ಆಫೀಸಿನ ಫೋನ್ ಚೆನ್ನಾಗಿ ಸಿಗುವ ಜಾಗ ಬೇಡವೇ ಬೇಡ ಅಂತಿತ್ತು.

ಆ ಎರಡು ಚೀಟಿ ಮುಂದಿಟ್ಟುಕೊಂಡು ಮಾಲ್ಡೀವ್ಸ್ ನೋಡಿದೆವು. ಮೊದಲ ನೋಟಕ್ಕೆ ಎಲ್ಲವೂ ಸುಲಭ. ಮುಂಬೈಯಿಂದ ನೇರ ವಿಮಾನ, ಮೂರು ಗಂಟೆಯೊಳಗಿನ ದಾರಿ. ನಮಗೆ ಮೊದಲೇ ವೀಸಾ ಮಾಡಿಸುವ ತಾಪತ್ರಯ ಇಲ್ಲ. ಸುಮಾರು 1,190 ದ್ವೀಪಗಳು, ರಿಸಾರ್ಟ್ ಇರುವ ಕಡೆ ಒಂದು ದ್ವೀಪಕ್ಕೆ ಒಂದೇ ರಿಸಾರ್ಟ್. ಹವಾಮಾನವೂ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಚೆನ್ನ. ನಮ್ಮ ಕೈ ತಡೆದದ್ದು ಲೆಕ್ಕ.

ರಿಸಾರ್ಟಿನ ದರದ ಪಕ್ಕದಲ್ಲಿ ಸಣ್ಣದಾಗಿ ಎರಡು ಪ್ಲಸ್ ಗುರುತು ಇತ್ತು. ಅದನ್ನು ನೋಡಿದ ಕೂಡಲೇ ಇವರ ಕಣ್ಣು ಅರಳಿತು. ಕ್ಯಾಲ್ಕುಲೇಟರ್ ಬಂತು. ರೂಮಿಗೆ ರಾತ್ರಿಗೆ 250 ಡಾಲರ್ ಅಂತಿಟ್ಟುಕೊಳ್ಳಿ. ಅದಕ್ಕೆ ಶೇ. 10 ಸರ್ವಿಸ್ ಚಾರ್ಜ್ ಸೇರಿ 275. ಆ 275ರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈಯಿಂದ ಅದು ಶೇ. 17. ಅಲ್ಲಿಗೆ ಸುಮಾರು 322 ಆಯಿತು. ಜೊತೆಗೆ ಗ್ರೀನ್ ಟ್ಯಾಕ್ಸ್. ರಿಸಾರ್ಟ್‌ಗಳಲ್ಲಿ 2025ರ ಜನವರಿಯಿಂದ ತಲೆಗೆ ದಿನಕ್ಕೆ 12 ಡಾಲರ್, ಇಬ್ಬರಿಗೆ 24. ಒಟ್ಟು 346. ಊಟ ಇನ್ನೂ ಬಂದಿಲ್ಲ! "ಒಂದ ರಾತ್ರಿ ಮಲಗಲಿಕ್ಕೆ ಒಂದ ತಿಂಗಳ ಇಎಂಐ," ಅಂದರು ಇವರು.

ಮೇಲೆ ವಿಮಾನ ನಿಲ್ದಾಣದಿಂದ ರಿಸಾರ್ಟಿಗೆ ಹೋಗುವ ಖರ್ಚು. ಹತ್ತಿರದ ದ್ವೀಪಗಳಿಗೆ ಸ್ಪೀಡ್‌ಬೋಟ್, ದೂರದವಕ್ಕೆ ಸೀಪ್ಲೇನ್. ಸೀಪ್ಲೇನ್‌ಗೆ ಹೋಗಿ ಬರಲು ಒಬ್ಬರಿಗೇ ನೂರಾರು ಡಾಲರ್ ಆಗುತ್ತದೆ. ರೂಮಿನ ದರ ಕಡಿಮೆ ಕಂಡರೆ ಮೊದಲು ಇದನ್ನು ನೋಡಿ. ಕಡಿಮೆ ದರದ ರಿಸಾರ್ಟ್ ಎಷ್ಟೋ ಸಲ ದೂರದ ದ್ವೀಪದಲ್ಲಿರುತ್ತದೆ. ಅಲ್ಲಿ ಉಳಿಸಿದ್ದನ್ನು ಸೀಪ್ಲೇನ್ ನುಂಗುತ್ತದೆ. ಅದು ಹಾರುವುದು ಹಗಲು ಮಾತ್ರ. ಮುಂಬೈಯಿಂದ ಸಂಜೆ ಇಳಿಯುವ ಟಿಕೆಟ್ ತೆಗೆದರೆ ಆ ರಾತ್ರಿ ರಾಜಧಾನಿ ಮಾಲೆಯ ಸುತ್ತಮುತ್ತಲೇ ಬೇರೆ ರೂಮು ಹುಡುಕಬೇಕು.

ಸಾಮಾನ್ಯ ಜನ ಇರುವ ಮಾಫುಶಿಯಂಥ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇವೆ, ಬೆಲೆಯೂ ನಮ್ಮಂಥವರ ಕೈಗೆ ಎಟುಕುತ್ತದೆ. ಅಲ್ಲಿ ಮದ್ಯ ಸಿಗುವುದಿಲ್ಲ, ನಮಗೆ ಅದು ಬೇಕಾಗಿಯೂ ಇಲ್ಲ. ಈಜುಡುಗೆ ಹಾಕಿಕೊಂಡು ನೀರಿಗಿಳಿಯಲು ಬೇರೆ ಬೀಚ್ ಇರುತ್ತದೆ. ಸ್ವಲ್ಪ ಆಸೆ ಹುಟ್ಟಿದ್ದು ನಿಜ. ಆದರೆ ನಾವಿಬ್ಬರೂ ಒಂದೇ ಕಡೆ ಸುಮ್ನೆ ಕೂರುವ ಜನ ಅಲ್ಲ. ಕೆಲಸದಿಂದ ನಿಜವಾಗಿ ಬಳಲಿ, ನಿದ್ದೆ ಮಾಡಿ ಏಳುವುದೇ ರಜೆ ಅನ್ನುವವರಿಗೆ ಮಾಲ್ಡೀವ್ಸ್‌ನಂಥ ಜಾಗ ಇಲ್ಲ. ನಮಗೆ ಮಧ್ಯಾಹ್ನದ ಹೊತ್ತಿಗೆ ಸ್ಕೂಟರ್ ಬೇಕೆನ್ನಿಸುತ್ತದೆ.

ಒಂದು ವಿಷಯ ಇವರು ಹೇಳಿಯೇ ಹೇಳಬೇಕು ಅಂದರು: ಇಲ್ಲಿನ ಏಜೆಂಟರಿಂದ ವಿದೇಶದ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ಒಂದು ತೆರಿಗೆ ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿ ಇರುವುದಿಲ್ಲ, ಬಜೆಟ್‌ನಲ್ಲಿ ಬರೆದುಕೊಳ್ಳಿ.

ಮಾರಿಷಸ್ ಬೇಗ ಬಿಟ್ಟೆವು. ಜಾಗ ಒಳ್ಳೆಯದೇ. ಸುತ್ತ ಹವಳದ ಗೋಡೆ ಇರುವುದರಿಂದ ಒಳಗಿನ ನೀರು ಶಾಂತ. ಬೇಳೆ ತುಂಬಿದ ಧೋಲ್ ಪುರಿ ಬೀದಿಯಲ್ಲೇ ಸಿಗುತ್ತದೆ, ಇವರಿಗೆ ಊಟದ ಚಿಂತೆಯೇ ಇಲ್ಲ. ಆದರೆ ಆರು ಗಂಟೆಯ ವಿಮಾನ, ಟಿಕೆಟ್ ದುಬಾರಿ. ಅಷ್ಟು ದೂರ ಹೋದ ಮೇಲೆ ಜಾಸ್ತಿ ದಿನ ಇರಬೇಕು. ರಜೆ ಅಷ್ಟು ಇರಲಿಲ್ಲ. ಶ್ರೀಲಂಕಾ ಇಡೀ ಒಂದು ದೇಶ. ಸಿಗಿರಿಯ, ಕ್ಯಾಂಡಿ ಬಿಟ್ಟು ಬರಲು ಮನಸ್ಸು ಒಪ್ಪುವುದಿಲ್ಲ. ಅಲ್ಲಿಗೂ ಹೋದರೆ ಅರ್ಧ ರಜೆ ಕಾರಿನಲ್ಲೇ ಕಳೆಯುತ್ತದೆ.

ಲಕ್ಷದ್ವೀಪಕ್ಕೆ ಮಾತ್ರ ಮನಸ್ಸು ಎಳೆಯುತ್ತಿತ್ತು. ಕರಾವಳಿಯವಳಾದ ನನಗೆ ಅದು ಹೊರಗಿನ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರು ಬಂದರಿಗೆ ಬರುತ್ತಿತ್ತು. ಇಂದಿಗೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಅನ್ನುವ ಸರಕು ದೋಣಿಗಳು ಸಾಮಾನು ತುಂಬಿಕೊಂಡು ಅಲ್ಲಿಗೆ ಹೋಗುತ್ತವೆ. ನೀರಿನ ಬಣ್ಣದಲ್ಲಿ ಮಾಲ್ಡೀವ್ಸ್‌ಗಿಂತ ಏನೂ ಕಡಿಮೆ ಇಲ್ಲ.

ತೊಡಕು ಇರುವುದು ಒಳಗೆ ಹೋಗುವುದರಲ್ಲಿ. ಭಾರತದವರಿಗೂ ಪರ್ಮಿಟ್ ಬೇಕು. ಜನ ಇರುವ ದ್ವೀಪಗಳೇ ಹತ್ತು, ಅದರಲ್ಲೂ ಪ್ರವಾಸಿಗರು ಉಳಿಯಬಹುದಾದವು ಕೆಲವೇ. ವಿಮಾನ ನಿಲ್ದಾಣ ಇರುವ ಅಗತ್ತಿ ದ್ವೀಪದ ರನ್‌ವೇ ಚಿಕ್ಕದು, ಸಣ್ಣ ವಿಮಾನ ಮಾತ್ರ ಇಳಿಯುತ್ತದೆ, ಸೀಟು ಬೇಗ ಮುಗಿಯುತ್ತದೆ. ಕೊಚ್ಚಿಯಿಂದ ಹಡಗಿನ ಪ್ಯಾಕೇಜ್ ಇದೆ. ಅದರಲ್ಲಿ ರಾತ್ರಿ ಹಡಗಿನಲ್ಲೇ ಮಲಗಬೇಕು. ಇವರ ಚೀಟಿಯ ಮೊದಲ ಸಾಲೇ ಅದು. ಪರ್ಮಿಟ್ ಕೈಗೆ ಬರುವ ಮೊದಲೇ ವಿಮಾನಕ್ಕೆ ದುಡ್ಡು ಕಟ್ಟಲು ನಾವು ತಯಾರಿರಲಿಲ್ಲ. ಲಕ್ಷದ್ವೀಪಕ್ಕೆ ಹೋಗುವವರು ತಿಂಗಳುಗಟ್ಟಲೆ ಮೊದಲೇ ಕೆಲಸ ಶುರು ಮಾಡಬೇಕು.

ಕೊನೆಗೆ ಉಳಿದದ್ದು ಅಂಡಮಾನ್. ಏನೂ ಸಿಗದೆ ಅದಕ್ಕೆ ಹೋದೆವು ಅಂತಲ್ಲ. ಚೀಟಿಗೆ ಸರಿಯಾಗಿ ಕೂತದ್ದು ಅದೇ. ಪಾಸ್‌ಪೋರ್ಟ್ ಬೇಡ, ಡಾಲರ್ ಬೇಡ. ಮೊಬೈಲ್ ನೆಟ್‌ವರ್ಕ್, 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೂ, ಸಣ್ಣ ದ್ವೀಪಗಳಲ್ಲಿ ಬಂದು ಹೋಗಿ ಮಾಡುತ್ತದೆ. ಇವರಿಗೆ ಅದಕ್ಕಿಂತ ಸಂತೋಷದ ಸುದ್ದಿ ಇರಲಿಲ್ಲ.

ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಠಾಣೆಯ ಒಬ್ಬ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಒಂದು ರಾತ್ರಿ, ನೀಲ್ ದ್ವೀಪಕ್ಕೆ ಒಂದು ರಾತ್ರಿ, ಉಳಿದದ್ದೆಲ್ಲ ಪೋರ್ಟ್ ಬ್ಲೇರ್ ಇತ್ತು. ದಿನಾ ಬ್ಯಾಗ್ ಕಟ್ಟುವ ಲೆಕ್ಕ ಅದು. ನಾವು ನೀಲ್‌ನಲ್ಲಿ ಜಾಸ್ತಿ, ಹ್ಯಾವ್‌ಲಾಕ್‌ನಲ್ಲಿ ಸ್ವಲ್ಪ ಕಡಿಮೆ, ಪೋರ್ಟ್ ಬ್ಲೇರ್‌ನಲ್ಲಿ ಕೊನೆಗೆ ಮಾತ್ರ ಅಂತ ಇಟ್ಟುಕೊಂಡೆವು. ಹೆಸರುಗಳ ಬಗ್ಗೆ ಹೇಳಿಬಿಡುತ್ತೇನೆ, ಟಿಕೆಟ್ ತೆಗೆಯುವಾಗ ಗೊಂದಲ ಆಗುತ್ತದೆ. 2018ರಿಂದ ಹ್ಯಾವ್‌ಲಾಕ್ ಅಂದರೆ ಸ್ವರಾಜ್ ದ್ವೀಪ, ನೀಲ್ ಅಂದರೆ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಇದೆ.

ವಿಮಾನದ ಟಿಕೆಟ್ ಆದ ಮೇಲೆ ನಾವು ತೆಗೆದದ್ದು ಫೆರಿ ಟಿಕೆಟ್. ಹೋಟೆಲ್ ಆಮೇಲೆ. ಖಾಸಗಿ ಕ್ಯಾಟಮರಾನ್ ದೋಣಿಗಳು ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಒಂದೂವರೆ ಎರಡು ಗಂಟೆಯಲ್ಲಿ ತಲುಪಿಸುತ್ತವೆ. ಡಿಸೆಂಬರ್‌ನಲ್ಲಿ ಒಳ್ಳೆಯ ಹೊತ್ತಿನವು ಬೇಗ ತುಂಬುತ್ತವೆ. ಹೋಟೆಲ್ ಯಾವಾಗಲೂ ಸಿಗುತ್ತದೆ, ಅಲ್ಲಿಗೆ ಹೋಗುವ ದೋಣಿ ಸಿಗಬೇಕಲ್ವಾ?

ಇನ್ನೊಂದು ವಿಷಯದಲ್ಲಿ ನಾವು ಹಟ ಹಿಡಿದೆವು. ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಡಿಸೆಂಬರ್ ಶುರುವಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಭಯ ಪೂರ್ತಿ ಹೋಗಿರುವುದಿಲ್ಲ. ಗಾಳಿ ಎದ್ದರೆ ಫೆರಿ ರದ್ದು. 2016ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು, ಕೊನೆಗೆ ನೌಕಾಪಡೆ ಹೋಗಿ ಕರೆತರಬೇಕಾಯಿತು. ಬೆಳಿಗ್ಗೆ ಫೆರಿ, ಮಧ್ಯಾಹ್ನ ವಿಮಾನ ಅನ್ನುವ ಪ್ಲಾನ್ ಯಾರು ಕೊಟ್ಟರೂ ಒಪ್ಪಬೇಡಿ.

ಹೋಟೆಲ್ ಹುಡುಕುವಾಗ 'ಬೀಚ್ ಎದುರಿಗೆ' ಅಂದರೆ ಸಾಲದು, ಯಾವ ಬೀಚ್ ಅಂತ ನೋಡಬೇಕು. ಹ್ಯಾವ್‌ಲಾಕ್‌ನ ಹೆಚ್ಚಿನ ಹೋಟೆಲ್‌ಗಳು ಪೂರ್ವದ ಕಡೆ ಇವೆ. ಅಲ್ಲಿ ಇಳಿತದ ಹೊತ್ತಿಗೆ ನೀರು ತುಂಬಾ ದೂರ ಸರಿದು ಬರೀ ಕಲ್ಲು ಕಾಣುತ್ತದೆ. ಈಜುವ ಮಾತೇ ಇಲ್ಲ. ರಾಧಾನಗರ ಪಶ್ಚಿಮಕ್ಕಿದೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂದದ್ದು ಅದನ್ನೇ. ನೀರಿಗೆ ಇಳಿಯಲು ಅಲ್ಲಿಗೆ ಹೋಗಬೇಕು. ಬೀಚ್‌ಗಳಲ್ಲಿ ಮೊಸಳೆಯ ಎಚ್ಚರಿಕೆ ಬೋರ್ಡ್ ಕಂಡರೆ ತಮಾಷೆ ಅಂದುಕೊಳ್ಳಬೇಡಿ, ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇವೆ. ಭರತ ಇಳಿತದ ಸಮಯ ನೋಡುವುದು ಕರಾವಳಿಯವರಿಗೆ ಅಭ್ಯಾಸ. ಇವರಿಗೆ ಹೊಸತು. ನೀಲ್‌ನ ಹವಳದ ಕಲ್ಲಿನ ಸೇತುವೆ ಇಳಿತದಲ್ಲಿ ಮಾತ್ರ ನಡೆದು ಹೋಗಿ ನೋಡಲು ಸಿಗುವುದು. ಎರಡನೇ ದಿನದಿಂದ ಇವರೇ ಎಲ್ಲರಿಗೂ ಟೈಮ್ ಹೇಳುತ್ತಿದ್ದರು.

ಗಡಿಯಾರವನ್ನೂ ಸ್ವಲ್ಪ ಮರೆಯಬೇಕು. ಅಂಡಮಾನ್ ಮುಂಬೈಗಿಂತ ತುಂಬಾ ಪೂರ್ವಕ್ಕಿದೆ, ಗಡಿಯಾರ ಮಾತ್ರ ಮುಂಬೈಯದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಎದ್ದು, ಹನ್ನೊಂದಕ್ಕೆ ಹೊರಟರೆ ಅರ್ಧ ದಿನ ಹೋಯಿತು. ಐದೂವರೆಗೆ ಎದ್ದರೆ ಬೀಚ್‌ನಲ್ಲಿ ನಾವಿಬ್ಬರೇ.

ಊಟದ ವಿಷಯದಲ್ಲಿ ನೀಲ್ ನಮ್ಮನ್ನು ಗೆದ್ದಿತು. ಅಲ್ಲಿರುವವರಲ್ಲಿ ಹೆಚ್ಚಿನವರು ಬಂಗಾಳದಿಂದ ಬಂದು ನೆಲೆಸಿದವರು. ಅಂಡಮಾನಿಗೆ ತರಕಾರಿ ಬೆಳೆದು ಕೊಡುವ ದ್ವೀಪ ಅಂತಲೇ ಅದಕ್ಕೆ ಹೆಸರು. ಮಾರ್ಕೆಟ್ ಹತ್ತಿರದ ಸಣ್ಣ ಹೋಟೆಲಿನಲ್ಲಿ ನನಗೆ ಮೀನಿನ ಸಾರು, ಇವರಿಗೆ ಅನ್ನ, ಬೇಳೆ, ಬದನೆಕಾಯಿ ಪಲ್ಯ. ಇಬ್ಬರೂ ಒಂದೇ ಮೇಜಿನಲ್ಲಿ ಹೊಟ್ಟೆ ತುಂಬ ಉಂಡೆವು. ಬಿಲ್ ನೋಡಿ ಎದೆ ಧಸಕ್ ಅನ್ನಲಿಲ್ಲ. ರೊಟ್ಟಿ ಸಿಗಲಿಲ್ಲ ಅನ್ನುವುದೊಂದೇ ಇವರ ತಕರಾರು.

ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಮುಳುಗುವ ಸ್ಕೂಬಾ ಬಗ್ಗೆ ಇವರಿಗೆ ಅಳುಕಿತ್ತು. ಈಜು ಬಾರದವರೂ ಮಾಡಬಹುದು. ತರಬೇತಿ ಪಡೆದವರು ಕೈ ಹಿಡಿದೇ ಇರುತ್ತಾರೆ, ಮೊದಲು ಆಳವಿಲ್ಲದ ನೀರಿನಲ್ಲಿ ಬಾಯಿಂದ ಉಸಿರಾಡುವುದನ್ನು ಕಲಿಸುತ್ತಾರೆ. ಅಸ್ತಮಾ, ಕಿವಿಯ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ನಾವು ಸ್ಕೂಬಾವನ್ನು ಪ್ರವಾಸದ ಮೊದಲ ಭಾಗದಲ್ಲೇ ಇಟ್ಟುಕೊಂಡೆವು. ನೀರಿನಿಂದ ಮೇಲೆ ಬಂದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು, ಅದಕ್ಕೆ. ಹೊರಗೆ ಬಂದ ಇವರು ಮಾಸ್ಕ್ ತೆಗೆದವರೇ, "ಇನ್ನೊಮ್ಮಿ ಹೋಗೋಣೇನು?" ಅಂದರು. ಹವಳ, ಚಿಪ್ಪು ಆರಿಸಿಕೊಂಡು ಬರುವ ಆಸೆ ಇದ್ದರೆ ಬಿಟ್ಟುಬಿಡಿ. ಅದು ನಿಷಿದ್ಧ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ವಾಪಸ್ ಬಂದ ಮೇಲೆ ಇವರು ಲಕ್ಷದ್ವೀಪದ ಪರ್ಮಿಟ್‌ಗೆ ಏನೇನು ಕಾಗದ ಬೇಕು ಅಂತ ವಿಚಾರಿಸಿ ಒಂದು ಫೈಲ್ ಮಾಡಿದ್ದಾರೆ. ಹಡಗಿನ ವಿಷಯ ನಾನು ಇನ್ನೂ ಎತ್ತಿಲ್ಲ.